ಗೇರ್‌ಬಾಕ್ಸಿಗೆ ಗಾಣದ ಎಣ್ಣೆ

ಕೋರ್ಟಿನಲ್ಲಿ ಎದುರು ವಕೀಲರ ಬಾಯಿ ಮುಚ್ಚಿಸುವವನಿಗೆ ಮಾವನ ಎದುರು ಬಾಯಿಯೇ ಬಾರದಿದ್ದರೆ ಅದನ್ನು ಹೇಡಿತನ ಎನ್ನಬಾರದು, ಸಂಸ್ಕಾರ ಎನ್ನಬೇಕು. ನಾನಂತೂ ಹಾಗೆಂದೇ ಹೇಳಿಕೊಂಡು ಬಂದಿದ್ದೇನೆ. ಐವತ್ತರ ದಶಕದ ಕೊನೆಗೆ, ಬಂಟ್ವಾಳದಲ್ಲಿ ನನ್ನ ವಕೀಲಿಕೆ ಸ್ವಲ್ಪ ಕುದುರಿದಾಗ, ಬ್ರಿಟಿಷರ ಕಾಲದ ಒಂದು ಮುದಿ ಕಾರು ಕೊಂಡೆ. ಗೇರ್ ಬದಲಿಸಿದಾಗಲೆಲ್ಲ ಅದು ಹಾಕುತ್ತಿದ್ದ ಬೊಬ್ಬೆಗೆ ಪೇಟೆಯ ನಾಯಿಗಳೂ ದಾರಿ ಬಿಡುತ್ತಿದ್ದವು. “ಹಳೆ ಗಾಡಿ ವಕೀಲರೇ, ತೊಂಬತ್ತು ನಂಬ್ರದ ದಪ್ಪ ಗೇರ್ ಆಯಿಲೇ ಆಗ್ಬೇಕು. ಮಂಗಳೂರಿಂದ ತರಿಸ್ತೇನೆ, ಎಂಟು ದಿನ ತಡೀರಿ,” ಎಂದ ಮೆಕ್ಯಾನಿಕ್ ಲಿಗೋರಿ.

ಎಂಟು ದಿನ ಎಲ್ಲಿಂದ ಬರಬೇಕು? ನಾಲ್ಕೇ ದಿನದಲ್ಲಿ ಭಾವಮೈದುನನ ಮದುವೆ. ಮದುಮಗನನ್ನು ಮುಂಡಾಜೆಯ ಮಾವನ ಮನೆಯಿಂದ ಮೂಡುಬಿದಿರೆಗೆ ಮುಹೂರ್ತದೊಳಗೆ ಮುಟ್ಟಿಸುವ ಹೊಣೆಯನ್ನು ನಾನೇ ಜಂಬದಿಂದ ಹೊತ್ತುಕೊಂಡಿದ್ದೆ. ಮಾವನಿಗೆ ಸ್ವಂತ ಎಣ್ಣೆ ಗಾಣವಿತ್ತು. “ತಲೆಗೆ ಆಗ್ತದೆ, ಒಗ್ಗರಣೆಗೆ ಆಗ್ತದೆ, ದೇವರ ದೀಪಕ್ಕೂ ಆಗ್ತದೆ. ನಿಮ್ಮ ಗೇರಿಗೆ ಮಾತ್ರ ಆಗುದಿಲ್ವಾ ಅಳಿಯಂದಿರೇ?” ಎಂದು ಡಬ್ಬಿ ತುಂಬ ತೆಂಗಿನೆಣ್ಣೆ ಕೊಟ್ಟರು. ಬೇಡವೆನ್ನಲು ಸಂಸ್ಕಾರ ಬಿಡಲಿಲ್ಲ. ಹಾಕಿ ಓಡಿಸಿದರೆ ಏನಾಶ್ಚರ್ಯ, ಗೇರ್ ಸದ್ದಿಲ್ಲದೆ ಬಿತ್ತು! ಲಿಗೋರಿಗೆ ಏನೂ ಗೊತ್ತಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ.

ಮದುವೆಯ ಹಿಂದಿನ ಸಂಜೆ ಮಾವನ ಅಂಗಳದಲ್ಲಿ ಕಾರು ನಿಲ್ಲಿಸಿದೆ. ಕೈಬ್ರೇಕನ್ನು ನೆಚ್ಚುವಂತಿರಲಿಲ್ಲ, ಹಾಗಾಗಿ ರಿವರ್ಸ್ ಗೇರಿನಲ್ಲೇ ಬಿಟ್ಟೆ. ಘಾಟಿಯ ಬುಡದ ಚಳಿ. ಬೆಳಿಗ್ಗೆ ತಲೆಗೆ ಹಚ್ಚಲು ಹೋದರೆ ಬಾಟಲಿಯ ಎಣ್ಣೆ ಕಲ್ಲಾಗಿತ್ತು. ಗೇರ್‌ಬಾಕ್ಸಿನಲ್ಲಿ ಇದ್ದದ್ದೂ ಅದೇ ಎಣ್ಣೆ! ಓಡಿಹೋಗಿ ನೋಡಿದರೆ ಗೇರಿನ ಕೋಲು ಜಪ್ಪಯ್ಯ ಎಂದರೂ ಅಲ್ಲಾಡದು! ಮದುಮಗ ಮುಂಡಾಸು ಸುತ್ತಿ ಕಾರು ಹತ್ತಿ ಕುಳಿತಾಗಿತ್ತು. “ಎಂಥ ಭಾವ, ಹೊರಡುವ ಅಲ್ವಾ?” ಎಂದ.

ಹೊರಟೆವು, ಹಿಮ್ಮುಖವಾಗಿ. ಕತ್ತು ತಿರುಚಿಕೊಂಡು ಅರ್ಧ ಮೈಲಿ ದೂರದ ರಸ್ತೆಯವರೆಗೆ ಹಾಗೆಯೇ ಓಡಿಸಿದೆ. “ನೋಡಿ, ಮನೆಗೆ ಬೆನ್ನು ಹಾಕದೆ ಹೊರಟ ನಮ್ಮ ಹುಡುಗ,” ಎಂದು ಅತ್ತೆ ಕಣ್ಣೊರೆಸಿಕೊಂಡರಂತೆ. ರಸ್ತೆ ಮುಟ್ಟುವಷ್ಟರಲ್ಲಿ ಎಣ್ಣೆ ಬಿಸಿಯಾಗಿ ಕರಗಿ ಗೇರ್ ಸಡಿಲಾಯಿತು. ಮುಹೂರ್ತಕ್ಕೆ ಐದು ನಿಮಿಷ ಇರುವಾಗ ಮೂಡುಬಿದಿರೆ ಸಿಕ್ಕಿತು.

ಊಟವಾದ ಮೇಲೆ ಧೈರ್ಯ ಮಾಡಿ ಮಾವನಿಗೆ ನಡೆದದ್ದನ್ನು ಹೇಳಿದೆ. ಅವರ ಮುಖ ಅರಳಿತು. ಬೀಗರನ್ನೆಲ್ಲ ಕರೆದು, “ಕೇಳಿದಿರಾ? ಗಟ್ಟಿಯಾಯ್ತಂತೆ! ಕಲಬೆರಕೆ ಎಣ್ಣೆ ಗಟ್ಟಿಯಾಗ್ತದಾ ಮಾರಾಯ್ರೆ? ವಕೀಲರದ್ದೇ ಸಾಕ್ಷಿ ಉಂಟು!” ಎಂದರು. ಚಪ್ಪರಕ್ಕೆ ಚಪ್ಪರವೇ ನನ್ನತ್ತ ತಿರುಗಿತು.

“ಹೌದು, ಅಪ್ಪಟ ಎಣ್ಣೆ,” ಎಂದೆ.

ಬೀಗರ ಹತ್ತಿರವೂ ಒಂದು ಹಳೆಯ ಕಾರಿತ್ತು. ಮರುದಿನ ಅದರ ಗೇರ್‌ಬಾಕ್ಸಿಗೆ ಒಂದು ಡಬ್ಬಿ ಎಣ್ಣೆಯನ್ನು ನಾನೇ ಕೈಯಾರೆ ಸುರಿದು ಬಂದೆ.