ಡಬ್ಬಿಯಲ್ಲಿಟ್ಟ ಆಲಿಕಲ್ಲು

ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಅದಕ್ಕಾಗಿಯೇ ಇಪ್ಪತ್ತು ವರ್ಷಗಳಿಂದ ದಿನಚರಿ ಬರೆಯುತ್ತ ಬಂದಿದ್ದೇನೆ. ಈಗ ದಿನಚರಿಯ ಮೇಲೂ ನಂಬಿಕೆ ಹೋಗಿದೆ. ಬರೆದವನು ನಾನೇ ಅಲ್ಲವೆ? ಯಾವುದನ್ನು ಬರೆಯಬೇಕಿತ್ತೋ ಅದನ್ನು ಬಿಟ್ಟು ಬಸ್ಸು ತಡವಾದದ್ದನ್ನು, ಸಾರಿಗೆ ಉಪ್ಪು ಹೆಚ್ಚಾದದ್ದನ್ನು ಶ್ರದ್ಧೆಯಿಂದ ದಾಖಲಿಸಿದ್ದೇನೆ. ಹೀಗೆ ಎರಡೂ ಕಡೆಯಿಂದ ಮೋಸಹೋದ ಮನುಷ್ಯ ಕೊನೆಗೆ ಒಂದು ಫ್ರಿಜ್ಜನ್ನು ನಂಬಿದ ಕಥೆ ಇದು.

ದೊಡ್ಡಬಳ್ಳಾಪುರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವುದು ನನ್ನ ಕೆಲಸ. ವರ್ಷಕ್ಕೊಮ್ಮೆ ಧ್ರುವದ ಹಿಮದ ಪಾಠ ಬರುತ್ತದೆ. ಅಲ್ಲಿಯವರೆಗೆ ಫ್ಯಾನು ನೋಡುತ್ತಿದ್ದ ಮಕ್ಕಳು ಆ ದಿನ ಮಾತ್ರ ನನ್ನ ಮುಖ ನೋಡುತ್ತಾರೆ. ಅಂಟಾರ್ಟಿಕದಲ್ಲಿ ಬಿದ್ದ ಹಿಮ ತನ್ನ ಮೇಲೆ ಬಿದ್ದ ಹಿಮದ ಭಾರಕ್ಕೆ ಒತ್ತಿಕೊಂಡು ಗಟ್ಟಿಯಾಗುವಾಗ ಆ ಕಾಲದ ಗಾಳಿಯನ್ನು ಸಣ್ಣ ಸಣ್ಣ ಗುಳ್ಳೆಗಳಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಸಾವಿರಾರು ವರ್ಷದ ಹಿಂದೆ ಗಾಳಿಯಲ್ಲಿ ಏನೇನಿತ್ತು ಎಂದು ಇವತ್ತು ಆ ಗುಳ್ಳೆ ಒಡೆದು ಓದಬಹುದು. ಈಗ ನಾವು ಗಾಳಿಗೆ ಬಿಡುತ್ತಿರುವ ಅನಿಲಗಳು ಬಿಸಿಯನ್ನು ಹಿಡಿದಿಟ್ಟು ಅದೇ ಹಿಮವನ್ನು ಕರಗಿಸುತ್ತಿವೆ. ಕರಗಿದರೆ ಸಮುದ್ರ ಏರುವುದಷ್ಟೇ ಅಲ್ಲ, ಗುಳ್ಳೆಯೊಳಗಿನ ಸಾಕ್ಷಿಯೂ ಹೋಗುತ್ತದೆ. ಇದನ್ನು ಹೇಳುವಾಗ ನನ್ನ ಗಂಟಲು ಪ್ರತಿವರ್ಷ ಸ್ವಲ್ಪ ಕಟ್ಟುತ್ತದೆ. ಮಕ್ಕಳು ಅದನ್ನು ಶೀತ ಎಂದುಕೊಂಡಿದ್ದಾರೆ.

ಇನ್ನು ಮನೆಯ ವಿಷಯ. ನಮ್ಮದು ಊರಿಗೆ ಹತ್ತಿರದ ಹಳ್ಳಿ. ಅಪ್ಪ ಎರಡು ಎಕರೆ ದ್ರಾಕ್ಷಿ ಮಾಡಿದ್ದರು. ಏಳು ವರ್ಷದ ಹಿಂದೆ, ಗೊಂಚಲು ಬಣ್ಣ ತಿರುಗುವ ಹೊತ್ತಿಗೆ, ಒಂದು ಮಧ್ಯಾಹ್ನ ಆಲಿಕಲ್ಲು ಸುರಿಯಿತು. ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂಗಳದಲ್ಲಿ ಅಲ್ಲೊಂದು ಇಲ್ಲೊಂದು ನಿಂಬೆಹಣ್ಣಿನ ಗಾತ್ರದ ಕಲ್ಲು ಕರಗುತ್ತಿತ್ತು. ಅಪ್ಪ ತಲೆಗೆ ಟವಲು ಸುತ್ತಿಕೊಂಡು ಫ್ರಿಜ್ಜಿನ ಮುಂದೆ ನಿಂತಿದ್ದರು.

"ಲೋ, ಒಂದೊಂದು ಕಿತ್ತಳೆ ಗಾತ್ರ ಬಿತ್ತು ಕಣೋ. ಹೇಳಿದ್ರೆ ಯಾರ್ ನಂಬ್ತಾರೆ? ಒಂದ್ನ ಡಬ್ಬೀಲಿ ಹಾಕಿ ಇಟ್ಟಿವ್ನಿ, ತೆಗೆದು ನೋಡು."

"ಆಮೇಲೆ ನೋಡ್ತೀನಪ್ಪಾ," ಎಂದೆ. ಹಾಗೆಂದು ನೆನಪು. ಅಂದಿನ ದಿನಚರಿ ತೆಗೆದು ನೋಡಿದರೆ ಇರುವುದು ಇಷ್ಟೇ: "ಆಲಿಕಲ್ಲು ಮಳೆ. ತೋಟ ಹೋಯಿತು. ಅಪ್ಪ ಡಬ್ಬಿಯಲ್ಲಿ ಏನೋ ಇಟ್ಟಿದ್ದಾರೆ." ಆ "ಏನೋ" ಎಂಬ ಪದವನ್ನು ಈಗ ಓದಲು ನನಗೆ ಕಷ್ಟವಾಗುತ್ತದೆ.

ಪರಿಹಾರಕ್ಕಾಗಿ ಬೆಳೆ ನಷ್ಟ ನೋಡುವ ಅಧಿಕಾರಿಗಳು ಬಂದದ್ದು ಮೂರು ವಾರದ ಮೇಲೆ. ಅಷ್ಟರಲ್ಲಿ ಬಳ್ಳಿ ಚಿಗುರಿ, ತೋಟ ಯಾರೋ ಬೇಕೆಂದೇ ಸಿಂಗರಿಸಿದ ಹಾಗಿತ್ತು. ಅಪ್ಪ ಓಡಿಹೋಗಿ ಡಬ್ಬಿ ತಂದರು. ಬಂದವರು ಒಳ್ಳೆಯ ಮನುಷ್ಯರೇ; ನಗುತ್ತಲೇ ಹೇಳಿದರು: "ಯಜಮಾನ್ರೇ, ಫ್ರಿಜ್ಜಲ್ಲಿಟ್ಟಿದ್ದು ಹೆಂಗೆ ಸಾಕ್ಷಿ ಆಗ್ತದೆ? ನೀರಿಟ್ರೂ ಕಲ್ಲಾಗ್ತದೆ." ಆಮೇಲೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ನೀವು ಓದಿದೋರು. ನೀವೇ ಹೇಳಿ, ಎಷ್ಟು ದಪ್ಪ ಇತ್ತು?" ಎಂದರು. ನಾನು ಕಂಡದ್ದನ್ನೇ ಹೇಳಬೇಕೆಂಬ ವಿಜ್ಞಾನದ ಶಿಸ್ತಿನವನು. "ನಿಂಬೆಹಣ್ಣಿನಷ್ಟು," ಎಂದೆ. ಅಪ್ಪ ನನ್ನನ್ನು ಒಮ್ಮೆ ನೋಡಿ, ಮುಚ್ಚಳ ತೆಗೆಯದೆಯೇ ಡಬ್ಬಿಯನ್ನು ವಾಪಸು ಒಳಗಿಟ್ಟು, "ಕಾಫಿ ಕುಡ್ಕೊಂಡ್ ಹೋಗಿ ಸ್ವಾಮಿ," ಎಂದರು. ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಮರುವರ್ಷ ತೀರಿಕೊಂಡರು.

ಡಬ್ಬಿ ಅಲ್ಲೇ ಉಳಿಯಿತು. ಅದರ ಸುತ್ತ ಐಸು ಬೆಳೆದು ಬೆಳೆದು ಗೋಡೆಯಾಯಿತು. ನಮ್ಮ ಪಕ್ಕದ ರಾಜಘಟ್ಟದಲ್ಲಿ ಉತ್ಖನನ ಮಾಡಿದವರು ಮಣ್ಣೊಳಗಿನ ಹಳೆಯ ಬೌದ್ಧ ವಿಹಾರದ ಇಟ್ಟಿಗೆಗಳನ್ನು ಕುಂಚದಲ್ಲಿ ಸವರಿ ಸವರಿ ಬಿಡಿಸಿದರಂತೆ. ಐಸಿಗೆ ಅಂಥ ಕುಂಚವಿಲ್ಲ. "ಚಾಕು ಮಾತ್ರ ಹಾಕ್ಬೇಡಿ ಸಾರ್, ಪೈಪ್ ತೂತಾಗ್ಬಿಡ್ತದೆ," ಎಂದು ರಿಪೇರಿಯ ನಯಾಜ್ ಹೆದರಿಸಿದ್ದ. ಡಬ್ಬಿ ತೆಗೆಯಬೇಕಾದರೆ ಫ್ರಿಜ್ ಆರಿಸಬೇಕು. ಆರಿಸಿದರೆ ಕಲ್ಲು ಕರಗುತ್ತದೆ. ಆದ್ದರಿಂದ ನಾನು ಆರಿಸಲಿಲ್ಲ. ಇದು ನಾನು ಹೇಳುತ್ತಿದ್ದ ಕಾರಣ. ನಿಜವಾದ ಕಾರಣ, ಒಳಗಿರುವುದು ಕಿತ್ತಳೆಯೇ ಆಗಿದ್ದರೆ ಏನು ಮಾಡುವುದೆಂಬ ಭಯ.

ಫ್ರಿಜ್ಜಿಗೆ ವಯಸ್ಸಾಗಿತ್ತು. ಹಿಂದಿನ ಪೈಪು ತುಕ್ಕು ಹಿಡಿದು ಗ್ಯಾಸು ಸೋರುತ್ತಿತ್ತು. ಪ್ರತಿ ಬೇಸಿಗೆಯಲ್ಲೂ ಬಾಶೆಟ್ಟಿಹಳ್ಳಿ ಕಡೆಯಿಂದ ನಯಾಜ್ ಸಿಲಿಂಡರನ್ನು ಸ್ಕೂಟರಿನ ಮೇಲಿಟ್ಟುಕೊಂಡು ಬಂದು ತುಂಬಿ ಹೋಗುತ್ತಿದ್ದ. ಈ ಬೇಸಿಗೆಯಲ್ಲೂ ಬಂದ. ಅದೇ ಬೆಳಿಗ್ಗೆ ನಾನು ಧ್ರುವದ ಪಾಠ ಮುಗಿಸಿ ಬಂದಿದ್ದೆ.

"ನಯಾಜ್, ಹೋದ ವರ್ಷ ಹಾಕಿದ ಗ್ಯಾಸೆಲ್ಲ ಎಲ್ಲಿಗೆ ಹೋಯ್ತಪ್ಪಾ?"

"ಎಲ್ಲಿಗ್ ಹೋಗ್ತದೆ ಸಾರ್, ಮೇಲಕ್ಕೆ."

ನನ್ನ ಹೆಂಡತಿ ಸುಮಿತ್ರಾ ಸೊಪ್ಪು ಬಿಡಿಸುತ್ತ ಕೂತಿದ್ದಳು. ತಲೆ ಎತ್ತದೆ ಕೇಳಿದಳು: "ರೀ, ಆ ಗ್ಯಾಸೂ ಬಿಸಿ ಹಿಡ್ಕೊಳ್ಳೋ ಜಾತಿನೇ ಅಲ್ವಾ?"

"ಹೂಂ. ಇಂಗಾಲದ ಡೈ ಆಕ್ಸೈಡಿಗಿಂತ ಬಹಳ ಜೋರು."

"ಅಂದ್ರೆ ನಿಮ್ಮ ಒಂದು ಡಬ್ಬಿ ಐಸು ಉಳಿಸ್ಕೊಳ್ಳೋಕೆ ಆರು ವರ್ಷದಿಂದ ಆ ಧ್ರುವದ ಐಸಿಗೆ ಬೆಂಕಿ ಇಡ್ತಾ ಇದೀರಿ. ಚೆನ್ನಾಗಿದೆ ಪಾಠ."

ನಯಾಜ್ ಸಿಲಿಂಡರಿನ ತಿರುಪು ಹಿಡಿದುಕೊಂಡೇ ನನ್ನ ಮುಖ ನೋಡಿದ. "ಹಾಕ್ಲಾ ಸಾರ್, ಬ್ಯಾಡ್ವಾ?" ಬೇಡ ಎಂದೆ. 

ಭಾನುವಾರ ಬೆಳಿಗ್ಗೆ ಸ್ವಿಚ್ ಆರಿಸಿ, ಕೆಳಗೆ ಹಳೆಯ ಪಂಚೆಗಳನ್ನು ಹಾಸಿ, ಮಣೆ ಹಾಕಿಕೊಂಡು ಕೂತೆ. ಗೋಡೆ ಬೆವರಿತು, ಹನಿಯಿತು, ಆಮೇಲೆ ದಪ್ಪ ದಪ್ಪ ತುಂಡಾಗಿ ಕಳಚಿಕೊಂಡಿತು. ಡಬ್ಬಿ ಕೈಗೆ ಬಂದಾಗ ಒಳಗಿನದು ಇನ್ನೂ ಗಟ್ಟಿಯಾಗಿಯೇ ಇತ್ತು. ಮುಚ್ಚಳ ತೆಗೆದೆ. ಕಲ್ಲು ಇರಲಿಲ್ಲ. ಡಬ್ಬಿಯ ತಳಕ್ಕೆ ಸರಿಯಾಗಿ, ರೊಟ್ಟಿಯ ಹಾಗೆ ಚಪ್ಪಟೆಯಾದ ಐಸು ಇತ್ತು. ಯಾವಾಗಲೋ ಒಮ್ಮೆ ಪೂರ್ತಿ ಕರಗಿ, ನೀರಾಗಿ, ಮತ್ತೆ ಹೆಪ್ಪುಗಟ್ಟಿದೆ.

ಯಾವಾಗ? ದಿನಚರಿಗಳನ್ನು ಹರಡಿಕೊಂಡು ಹುಡುಕಿದೆ. ಅಪ್ಪ ತೀರಿಕೊಂಡ ವಾರದಲ್ಲಿ ಸಿಕ್ಕಿತು. "ಫ್ರಿಜ್ ಕೆಟ್ಟಿದೆ. ಹಾಲು ಒಡೆಯಿತು. ನಯಾಜ್‌ಗೆ ಹೇಳಬೇಕು." ಅವನು ಬಂದು ಮೊದಲ ಸಲ ಗ್ಯಾಸು ತುಂಬಿದ್ದು ನಾಲ್ಕು ದಿನದ ಮೇಲೆ. ಕಲ್ಲು ಅಪ್ಪನ ಜೊತೆಗೇ ಹೋಗಿತ್ತು. ನಾನು ಅಷ್ಟು ಬೇಸಿಗೆ ಕಾದದ್ದು ನೀರನ್ನು.

ಆದರೂ ನಾನು ರಸಾಯನಶಾಸ್ತ್ರದವನು. ಆಕಾರ ಹೋದರೇನು, ಅಳತೆ ಉಳಿದಿರುತ್ತದಲ್ಲ? ಮುಚ್ಚಳ ಬಿಗಿಯಾಗಿತ್ತು. ಐಸು ಪೂರ್ತಿ ಕರಗಲು ಬಿಟ್ಟು, ಲ್ಯಾಬಿನಿಂದ ತಂದಿದ್ದ ಅಳತೆಯ ಗಾಜಿಗೆ ಸುರಿದೆ. ಒಂದು ಕಿತ್ತಳೆ ತರಿಸಿ, ತುಂಬಿದ ಪಾತ್ರೆಯಲ್ಲಿ ಮುಳುಗಿಸಿ, ಹೊರಚೆಲ್ಲಿದ ನೀರನ್ನೂ ಅಳೆದೆ. ಐಸು ನೀರಿಗಿಂತ ಕೊಂಚ ಹೆಚ್ಚು ಜಾಗ ಹಿಡಿಯುವುದನ್ನು ಲೆಕ್ಕಕ್ಕೆ ತೆಗೆದುಕೊಂಡೆ. ಎರಡೂ ಹತ್ತಿರ ಹತ್ತಿರ ಸರಿಹೊಂದಿದವು. ಅಪ್ಪ ಹೇಳಿದ್ದೇ ಗಾತ್ರ. ನಾನು ಅಳಬೇಕಾಗಿತ್ತು, ಬದಲಿಗೆ ಅನುಮಾನಪಟ್ಟೆ. "ಒಂದೇ ಕಲ್ಲು ಹಾಕಿದ್ರೋ, ನಿಂಬೆ ಗಾತ್ರದ್ದು ಮೂರು ಹಾಕಿದ್ರೋ, ಹೇಗೆ ಹೇಳೋದು?" ಎಂದು ಗೊಣಗಿದೆ.

"ಒಂದೇ," ಎಂದಳು ಸುಮಿತ್ರಾ, ನೆಲ ಒರೆಸುತ್ತ. "ಡಬ್ಬಿ ಕೊಟ್ಟಿದ್ದೇ ನಾನು. ಮೊದಲು ಕೊಟ್ಟ ಡಬ್ಬಿಗೆ ಕಲ್ಲು ಹಿಡೀಲಿಲ್ಲ ಅಂತ ಮಾವ ಇದನ್ನ ಇಸ್ಕೊಂಡ್ರು. ಕಿತ್ತಳೆ ಅಷ್ಟೇ ಇತ್ತು."

"ಬೆಳೆ ನಷ್ಟ ನೋಡೋಕೆ ಅವರು ಬಂದ ದಿನ ನೀನು ಅಲ್ಲೇ ಇದ್ದೆಯಲ್ಲ! ಯಾಕೆ ಹೇಳಲಿಲ್ಲ?"

"ನನ್ನ ಯಾರ್ ಕೇಳಿದ್ರು? ಓದಿದೋರನ್ನ ತಾನೇ ಕೇಳಿದ್ದು."

ಸಂಜೆ ಆ ಹಳೆಯ ದಿನಚರಿಯಲ್ಲಿ "ಏನೋ" ಎಂಬುದನ್ನು ಹೊಡೆದುಹಾಕಿ "ಕಿತ್ತಳೆ ಗಾತ್ರದ ಒಂದು ಆಲಿಕಲ್ಲು" ಎಂದು ತಿದ್ದಿದೆ. ಕೆಳಗೆ ರುಜು ಹಾಕುವಂತೆ ಸುಮಿತ್ರಾಳನ್ನು ಕೇಳಿದೆ. ಕೈ ಒದ್ದೆಯಾಗಿದೆ ಎಂದಳು. ನಾನು ಬಿಟ್ಟ ಗ್ಯಾಸು ಮೇಲೆ ಹೋಗಿಯಾಗಿದೆ, ಅದನ್ನು ಇಳಿಸಿ ತರುವ ವಿದ್ಯೆ ನನಗೆ ಬರುವುದಿಲ್ಲ. ಮುಂದಿನ ವರ್ಷ ಧ್ರುವದ ಪಾಠ ಮಾಡುವಾಗ ಗಂಟಲು ಕಟ್ಟಿದರೆ ಅದನ್ನು ಶೀತ ಎಂದು ನಾನೇ ಹೇಳಬೇಕು.