ಮೂಗಿನ ಕೆಳಗಿನ ನೆರಳು

ಪೆನ್ಸಿಲ್ ಹಿಡಿದು ಮಂದಿಯ ಮುಖ ಬರೆಯುವವಳು ನಗೆ ಹುಡುಕಿಕೊಂಡು ಹೋಗಬೇಕಿಲ್ಲ. ಅದೇ ಮನೆಗೆ ಬಂದು ಎದುರಿಗೆ ಕೂಡುತ್ತದೆ.

ಆಗ ನಾವು ಸವದತ್ತಿಯಲ್ಲಿದ್ದೆವು. ಮನೆಯವರಿಗೆ ನವಿಲುತೀರ್ಥದ ಅಣೆಕಟ್ಟಿನ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ಅವರು ಸವೆಸಿ ಬಿಟ್ಟ ಪೆನ್ಸಿಲ್ ತುಂಡುಗಳು ನನ್ನ ಪಾಲು. ಗಟ್ಟಿ ಪೆನ್ಸಿಲ್ ಗೆರೆಗೆ ಸಾಕು. ಕೆನ್ನೆಗೆ, ಕಣ್ಣಿನ ಗುಳಿಗೆ ಮೆತ್ತನೆಯದೇ ಬೇಕು, ಬೆರಳಿನಿಂದ ತಿಕ್ಕಿದರೆ ಹೊಗೆಯಂತೆ ಹರಡುವಂಥದು. ಕಂಕುಳಲ್ಲಿ ಕೂಸು, ಬೆರಳ ತುಂಬ ಕಪ್ಪು. ನೋಡಿದಾಗೆಲ್ಲ ಅತ್ತೆ, "ಮಂದಿ ಮಾರಿಗೆ ಮಸಿ ಬಳಿಯೂ ಸೊಸಿ ಸಿಕ್ಕಾಳ ನನಗ," ಎನ್ನುತ್ತಿದ್ದರು. ದೂರು ಹೆಚ್ಚಾದರೆ ಪೆನ್ಸಿಲ್ ಬಂದ್ ಎಂದೂ ಹೇಳಿಟ್ಟಿದ್ದರು.

ಎದುರು ಮನೆಯ ಅಕ್ಕ

ನಾನು ಬರೆದ ತನ್ನ ಚಿತ್ರ ನೋಡಿ ಅಕ್ಕ ಕೇಳಿದಳು, "ಮೂಗಿನ ಕೆಳಗ ಇದೇನ, ಮೀಸಿ?"

"ನೆಳ್ಳ, ಅಕ್ಕಾ."

"ನಮ್ಮ ನೆಳ್ಳ ನೆಲದ ಮ್ಯಾಲೆ ಬೀಳತೈತಿ, ಮಾರಿ ಮ್ಯಾಲಲ್ಲ."

ಅಷ್ಟರಲ್ಲಿ ನನ್ನ ಕೂಸು ಜೊಲ್ಲಿನ ಕೈಯನ್ನು ಚಿತ್ರದ ಮೇಲೆ ಎಳೆಯಿತು. ಮೀಸೆ, ಮೂಗು, ತುಟಿ ಎಲ್ಲ ಮಸುಕಾದವು.

"ಈಗ ನನ್ನಂಗ ಆತ ನೋಡ," ಎಂದಳು.

ಫೋಟೋ ಇಲ್ಲದ ಅಪ್ಪ

ದೊಡವಾಡದಿಂದ ಅಣ್ಣತಮ್ಮ ಇಬ್ಬರು ಬಂದರು. ತೀರಿಹೋದ ಅಪ್ಪನ ಚಿತ್ರ ಬೇಕು, ಫೋಟೋ ಇಲ್ಲ.

"ಅಪ್ಪಂದು ನನ್ನ ಮೂಗ," ಎಂದ ಅಣ್ಣ.

"ನಿಂದು ಅವ್ವನ ಮೂಗ. ನನ್ನ ನೋಡಿ ಬರೀರಿ ಬಾಯಾರ," ಎಂದ ತಮ್ಮ.

ಇಬ್ಬರನ್ನೂ ಕೂಡಿಸಿ, ಇವನ ಹಣೆ, ಅವನ ಗದ್ದ ತೆಗೆದುಕೊಂಡು, ಎರಡು ಮೂಗಿನ ನಡುವಿನದೊಂದು ಬರೆದುಕೊಟ್ಟೆ. ಊರಿಗೆ ಒಯ್ದು ತಾಯಿಗೆ ತೋರಿಸಿದರಂತೆ. ಮುದುಕಿ ಬಹಳ ಹೊತ್ತು ನೋಡಿ, "ಇಷ್ಟ ಚಂದ ಇದ್ದಿದ್ರ ನಾ ಅಷ್ಟ್ಯಾಕ ಬೈತಿದ್ದೆ?" ಎಂದು ತಿರುಗಿ ಕೊಟ್ಟಳಂತೆ.

ಅತ್ತೆ

ಈ ಎರಡೂ ದೂರು ಕಿವಿಗೆ ಬಿದ್ದ ಮೇಲೆ ಅತ್ತೆ ತಾವೇ ಬಂದು ಕೂತರು. "ನಂದ ತಗಿ. ನನ್ನಂಗ ಬರಲಿಲ್ಲಂದ್ರ ಇವತ್ತಿಗೆ ಮುಗೀತು."

ಇದ್ದಬದ್ದ ಮೆತ್ತನೆಯ ಪೆನ್ಸಿಲನ್ನೆಲ್ಲ ಅವರ ಹುಬ್ಬಿನ ಗಂಟಿಗೂ ಬಿಗಿದ ತುಟಿಗೂ ಸವೆಸಿದೆ. ನನ್ನನ್ನು ನೋಡುವಾಗ ಅವರ ಮುಖ ಹೇಗಿರುತ್ತದೋ ಹಾಗೇ ಬರೆದೆ. ಹಾಳೆಯನ್ನು ಪಡಸಾಲೆಯ ಗೋಡೆಗೆ ಆನಿಸಿಟ್ಟೆ.

ಅತ್ತೆ ನೋಡಿದರು. ಕೈ ತಾನಾಗಿ ಎದ್ದು ಸೆರಗನ್ನು ತಲೆಯ ಮೇಲೆ ಎಳೆಯಿತು. ಸರಿದು ಬಾಗಿಲ ಮರೆಗೆ ನಿಂತರು.

"ಇವರು ನಮ್ಮ ಅತ್ತಿ," ಎಂದರು. ಅತ್ತೆಯ ಆ ಅತ್ತೆ ತೀರಿಕೊಂಡದ್ದು ನಾನು ಈ ಮನೆಗೆ ಬರುವುದಕ್ಕೆ ಎಷ್ಟೋ ಮೊದಲು.

"ನಿಮ್ಮದ ಚಿತ್ರ ಅದು. ನಿಮ್ಮಂಗ ಬಂದಿಲ್ಲಂದ್ರ ಪೆನ್ಸಿಲ್ ಬಿಡತೇನಿ, ತಗೋರಿ," ಎಂದೆ.

"ಮೆಲ್ಲಕ ಮಾತಾಡ," ಎಂದು ಅತ್ತೆ ಪಿಸುಗುಟ್ಟಿದರು. "ಪೆನ್ಸಿಲ್ ಬಿಡಬ್ಯಾಡ. ಮೊದಲ ಅವರನ್ನ ಒಂಚೂರು ನಗಿಸು, ನಾ ಒಳಗ ಬರತೇನಿ."