ವಿಚಾರಣಾಧಿಕಾರಿಯ ಮರೆವು

ಯಾವುದಾದರೂ ಒಂದು ವಿಷಯದಲ್ಲಿ ತಾನು ಮಹಾಪಂಡಿತನೆಂಬ ಭ್ರಮೆ ಮನುಷ್ಯನಿಗೆ ಇರಬೇಕು. ಇಲ್ಲದಿದ್ದರೆ ನಿವೃತ್ತಿಯ ನಂತರದ ದಿನಗಳನ್ನು ನೂಕುವುದು ಕಷ್ಟ. ಕೆಲವರಿಗೆ ಅದು ಮಾವಿನಹಣ್ಣಿನ ವಿಷಯದಲ್ಲಿ ಇರುತ್ತದೆ, ಕೆಲವರಿಗೆ ಸಕ್ಕರೆ ಕಾಯಿಲೆಯ ವಿಷಯದಲ್ಲಿ. ಯಾರು ನಿಜ ಹೇಳುತ್ತಿದ್ದಾರೆ, ಯಾರು ಸುಳ್ಳು ಹೇಳುತ್ತಿದ್ದಾರೆ ಎಂಬುದು ಮುಖ ನೋಡಿದ ಕೂಡಲೇ ತಿಳಿಯುತ್ತದೆ ಎಂಬುದು ನನ್ನ ಭ್ರಮೆ. ಹೈದರಾಬಾದಿನ ಬೇಗಂಪೇಟೆಯ ಒಂದು ಸರಕಾರಿ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ನೌಕರಿ ಮಾಡಿದವನು ನಾನು. ಕೊನೆಯ ಹತ್ತು ವರ್ಷ ಇಲಾಖೆಯ ವಿಚಾರಣೆಗಳನ್ನೆಲ್ಲ ನನ್ನ ಕೊರಳಿಗೇ ಕಟ್ಟುತ್ತಿದ್ದರು. ಬೇರೆ ಯಾರಿಗೂ ಬೇಡವಾದ ಕೆಲಸವೆಂದು ಕಟ್ಟುತ್ತಿದ್ದರು ಎಂದು ಈಗ ಅನ್ನಿಸುತ್ತದೆ. ಆಗ ಮಾತ್ರ ಅದು ನನ್ನ ಸೂಕ್ಷ್ಮದೃಷ್ಟಿಗೆ ಸಂದ ಗೌರವವೆಂದೇ ತಿಳಿದಿದ್ದೆ. ಒಮ್ಮೆ ಒಬ್ಬ ಗುಮಾಸ್ತ, ಹಾಜರಿ ಪುಸ್ತಕವನ್ನು ಮಂಗ ಹರಿದುಹಾಕಿತು ಎಂದ. ಅವನ ಕಣ್ಣು ನೋಡಿದ ತಕ್ಷಣ ಸುಳ್ಳೆಂದು ನನಗೆ ಖಚಿತವಾಯಿತು. ಹನ್ನೊಂದು ಪುಟದ ವರದಿ ಬರೆದು ಮೇಜಿನ ಮೇಲಿಟ್ಟು ಊಟಕ್ಕೆ ಹೋದೆ. ಬರುವಷ್ಟರಲ್ಲಿ ಮಂಗ ಕಿಟಕಿಯಿಂದ ಬಂದು ಆ ವರದಿಯನ್ನೂ ಹರಿದುಹಾಕಿತ್ತು. ಇಂಥ ಅನುಭವದಿಂದ ಪಾಠ ಕಲಿಯುವವರು ಇದ್ದಾರೆ. ನಾನು ಕಿಟಕಿಗೆ ಜಾಲರಿ ಹಾಕಿಸಿದೆ, ಅಷ್ಟೆ.

ಇಷ್ಟು ಪೀಠಿಕೆ ಯಾಕೆಂದರೆ, ಹೋದ ವರ್ಷ ನಮ್ಮ ಊರಿನ ಕನ್ನಡ ಸಂಘದವರು ನನ್ನನ್ನು ಮತ್ತೊಮ್ಮೆ ವಿಚಾರಣಾಧಿಕಾರಿ ಮಾಡಿದರು. ಸಂಘದ ವಾರ್ಷಿಕೋತ್ಸವಕ್ಕೆ ಕಮಲಾಕರರಾಯರಿಗೆ ದೊಡ್ಡ ಸನ್ಮಾನ ಎಂದು ನಿಶ್ಚಯವಾಗಿತ್ತು. ಹೈದರಾಬಾದಿನ ಕನ್ನಡಿಗರಿಗೆ ರಾಯರ ಪರಿಚಯ ಹೇಳಬೇಕಾಗಿಲ್ಲ. ನಾಲ್ಕು ದಶಕ ನಾಟಕ ಆಡಿಸಿದವರು, ಒಂದು ಸಲ ಕಾರ್ಪೊರೇಟರ್ ಆಗಿ ಗೆದ್ದವರು, ಮೈಕು ಕೆಟ್ಟರೂ ಕೊನೆಯ ಸಾಲಿನವರೆಗೆ ಕೇಳಿಸುವ ಕಂಠದವರು. ಆಮಂತ್ರಣ ಪತ್ರಿಕೆ ಮನೆ ಮನೆಗೆ ಹೋದ ನಾಲ್ಕೇ ದಿನಕ್ಕೆ ಸಂಘಕ್ಕೆ ಒಂದು ಕಾಗದ ಬಂತು. ಬರೆದವರು ಮಹಾದೇವಿ, ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯ ಪ್ರಯೋಗಾಲಯದ ಮುಖ್ಯಸ್ಥೆ. ಮೂವತ್ತೊಂದು ವರ್ಷದ ಹಿಂದೆ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಆಕೆ ರಾಯರ ನಾಟಕವೊಂದಕ್ಕೆ ನಾಯಕಿಯಾಗಿ ಆಯ್ಕೆಯಾಗಿದ್ದಳು. ಒಂದು ಸಂಜೆ ತಾಲೀಮು ಮುಗಿದ ಮೇಲೆ ಮಾತು ತಿದ್ದುವುದಿದೆ ಎಂದು ರಾಯರು ಆಕೆಯೊಬ್ಬಳನ್ನೇ ಉಳಿಸಿಕೊಂಡು, ಬಾಗಿಲು ಹಾಕಿ, ಕೈ ಹಿಡಿದು ಎಳೆದರು. ಆಕೆ ಅವರನ್ನು ನೂಕಿ, ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದಳು. ಮತ್ತೆ ಬಣ್ಣ ಹಚ್ಚಲಿಲ್ಲ. ಕಾಗದದಲ್ಲಿ ಇದ್ದದ್ದು ಇಷ್ಟೇ. ಒಂದು ವಿಶೇಷಣವೂ ಇರಲಿಲ್ಲ.

ಸಂಘದ ಅಧ್ಯಕ್ಷ ಪಾಟೀಲರು ರಾಯರ ಪರಮ ಶಿಷ್ಯ. ಕಾಗದ ಓದಿ ಅವರಿಗೆ ಊಟ ಸೇರಲಿಲ್ಲ. ನನಗೆ ಫೋನು ಮಾಡಿ, "ಏನ್ ಮಾಡೋದ್ರಿ? ಮುಚ್ಚಿ ಹಾಕಿದ್ರ ತಪ್ಪು, ಬಿಚ್ಚಿ ಇಟ್ರ ಗುರುದ್ರೋಹ" ಎಂದರು. ಕಡೆಗೆ ಮೂವರ ಸಮಿತಿಯಾಯಿತು: ಪಾಟೀಲರು, ಹೆರಿಗೆ ಡಾಕ್ಟರಾಗಿ ನಿವೃತ್ತರಾದ ಶಾಂತಕ್ಕ ಮತ್ತು ನಾನು. ಆ ನಾಟಕಕ್ಕೆ ಪರದೆಯ ಹಿಂದೆ ನಿಂತು ಮಾತು ಹೇಳಿಕೊಡುತ್ತಿದ್ದವನು ನಾನೇ. ಮಹಾದೇವಿಯ ಮುಖವೂ, ಪ್ರದರ್ಶನಕ್ಕೆ ನಾಲ್ಕು ದಿನವಿದ್ದಾಗ ಆಕೆ ಬಿಟ್ಟುಹೋದದ್ದೂ ನೆನಪಿತ್ತು. ಇದನ್ನು ಮೊದಲೇ ಹೇಳಿದೆ. "ಛಲೋನ ಆತಲ್ಲ, ನಿಮಗ ಎಲ್ಲಾ ಗೊತ್ತೈತಿ" ಎಂದರು ಪಾಟೀಲರು. ನಾನೂ ಹಾಗೆಯೇ ಅಂದುಕೊಂಡೆ.

ಮನೆಗೆ ಬಂದು ಹಳೆಯ ಅಭ್ಯಾಸದಂತೆ ಹೊಸ ನೋಟ್‌ಬುಕ್ಕು ತೆಗೆದು, ಪುಟದ ನಡುವೆ ಗೆರೆ ಎಳೆದು, ಎಡಕ್ಕೆ 'ನಂಬಲು ಕಾರಣ', ಬಲಕ್ಕೆ 'ನಂಬದಿರಲು ಕಾರಣ' ಎಂದು ಬರೆದೆ. ಬಲಗಡೆ ಸರಸರನೆ ತುಂಬಿತು. ಇಷ್ಟು ವರ್ಷ ಯಾಕೆ ಸುಮ್ಮನಿದ್ದಳು? ಸನ್ಮಾನದ ಹೊತ್ತಿಗೇ ಯಾಕೆ? ಸಾಕ್ಷಿ ಎಲ್ಲಿ? ನನ್ನ ಹೆಂಡತಿ ಸುಮಿತ್ರಾ ಚಹಾ ತಂದಿಟ್ಟು ನೋಟ್‌ಬುಕ್ಕಿಗೆ ಕಣ್ಣು ಹಾಯಿಸಿದಳು. ನಾನು ಅಂಗೈ ಅಡ್ಡ ಇಟ್ಟೆ.

"ಯಾರದ್ರೀ ವಿಚಾರಣಿ?"

"ಗೋಪ್ಯ."

"ನನಗೂ?"

"ನಿನಗೂ. ಹೆಂಡತಿಗೆ ಹೇಳೋ ವಿಚಾರಣಾಧಿಕಾರಿ, ವಿಚಾರಣಾಧಿಕಾರಿನೇ ಅಲ್ಲ."

ಅವಳು ಹೆಚ್ಚು ಕೇಳಲಿಲ್ಲ. ಬಿಸ್ಕೀಟು ತರಲು ಹೊರಟಿದ್ದವಳು ತರಲಿಲ್ಲ, ಅಷ್ಟೆ.

ಮೊದಲ ಸಭೆಯಲ್ಲಿ ನನ್ನ ಬಲಗಡೆಯ ಪಟ್ಟಿಯನ್ನು ಗಂಭೀರವಾಗಿ ಓದಿದೆ. ಪಾಟೀಲರು ಪ್ರತಿ ವಾಕ್ಯಕ್ಕೂ ತಲೆಯಾಡಿಸಿದರು. ಶಾಂತಕ್ಕ ಕನ್ನಡಕ ಒರೆಸುತ್ತ ಕೇಳಿ, "ನನ್ನ ದವಾಖಾನಿಗೆ ಹೆಣ್ಮಕ್ಕಳು ನೋವು ಶುರು ಆದ ವರ್ಷಗಟ್ಟಲೆ ಆದ ಮ್ಯಾಲೆ ಬರ್ತಿದ್ರು. ತಡಾ ಮಾಡಿ ಬಂದೀರಿ, ಅದಕ್ಕ ನಿಮ್ಮ ನೋವು ಸುಳ್ಳು ಅಂತ ನಾ ಚೀಟಿ ಬರದು ಕೊಡಲಿಲ್ಲ. ಯಾಕ ತಡಾ ಆತು ಅಂತ ಕೇಳ್ತಿದ್ದೆ, ಆಮ್ಯಾಲೆ ಪರೀಕ್ಷಾ ಮಾಡ್ತಿದ್ದೆ" ಎಂದರು. ಕನ್ನಡಕ ಹಾಕಿಕೊಂಡು, "ಹಂಗಂತ ಹೇಳಿದ್ದೆಲ್ಲಾ ಕಣ್ಣು ಮುಚ್ಚಿ ನಂಬೂದೂ ಇಲ್ಲ. ಕರಸ್ರಿ, ಕೇಳೋಣು" ಎಂದರು. ನಾನು ಈ ಮಾತನ್ನು ಯಾವ ಕಡೆಗೆ ಬರೆಯಬೇಕೆಂದು ತಿಳಿಯದೆ ನಡುವಿನ ಗೆರೆಯ ಮೇಲೆಯೇ ಬರೆದೆ.

ಮುಂದಿನ ಭಾನುವಾರ ಮಹಾದೇವಿ ಶಾಂತಕ್ಕನ ಮನೆಗೆ ಬಂದರು. ನೂಲಿನ ಸೀರೆ, ಅರ್ಧ ನರೆತ ಕೂದಲು, ಪ್ರಯೋಗಾಲಯದ ವರದಿ ಓದುವಂಥ ದನಿ. ಗೊತ್ತಿದ್ದದ್ದನ್ನು ಗೊತ್ತಿದೆ ಎಂದರು, ಮರೆತದ್ದನ್ನು ಮರೆತಿದ್ದೇನೆ ಎಂದರು. ಅಂದು ಯಾವ ವಾರ ಎಂದು ಪಾಟೀಲರು ಕೇಳಿದಾಗ, "ನೆನಪಿಲ್ರಿ. ತಾಲೀಮಿನ ಕೋಣಿ ಕೆಳಗಿನ ಹಿಟ್ಟಿನ ಗಿರಣಿ ಬಂದ್ ಆಗಿತ್ತು, ಅಷ್ಟು ನೆನಪೈತಿ. ಗಿರಣಿ ನಡದಿದ್ರ ನಾ ಕೂಗಿದ್ರೂ ಯಾರಿಗೂ ಕೇಳಿಸ್ತಿರಲಿಲ್ಲ ಅಂತ ಆಮ್ಯಾಲೆ ಅನಿಸಿತ್ತು" ಎಂದರು. ಈಗಲೇ ಯಾಕೆ ಎಂಬ ಪ್ರಶ್ನೆಗೆ, ಆಮಂತ್ರಣ ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟರು: 'ಹೆಣ್ಣುಮಕ್ಕಳನ್ನು ಕೈಹಿಡಿದು ರಂಗಕ್ಕೆ ತಂದ ಮಹನೀಯರು'. "ಉಳಿದದ್ದೆಲ್ಲಾ ಬರಕೊಳ್ರಿ. ಈ ಸಾಲು ನನಗ ತಡಕೊಳ್ಳಾಕ ಆಗಲಿಲ್ಲ." ಆ ಸಾಲು ಬರೆದುಕೊಟ್ಟವನು ನಾನು. ನೋಟ್‌ಬುಕ್ಕಿನ ಪುಟ ತಿರುಗಿಸಿದೆ.

ಆಮೇಲೆ ನನ್ನ ಬ್ರಹ್ಮಾಸ್ತ್ರ ತೆಗೆದೆ. ಇಂಥ ವಿಚಾರಣೆಯಲ್ಲಿ ಇದೊಂದು ಪ್ರಶ್ನೆ ಸಾಕು ಎಂದು ನಾನು ಕಿರಿಯ ಅಧಿಕಾರಿಗಳಿಗೆಲ್ಲ ಪಾಠ ಹೇಳಿದವನು. "ಆವಾಗ ಯಾರಿಗರ ಹೇಳಿದ್ರೇನ್ರಿ?"

"ಹೇಳಿದ್ದೆ. ಮರುದಿನಾನ ಹೇಳಿದ್ದೆ."

"ಯಾರಿಗೆ?"

ಮಹಾದೇವಿ ನನ್ನನ್ನೇ ನೋಡಿದರು. "ನಿಮಗ್ರಿ."

ಪಾಟೀಲರು ಚಹಾದ ಕಪ್ಪು ಕೆಳಗಿಟ್ಟು ನನ್ನ ಕಡೆ ತಿರುಗಿದರು. ಮಹಾದೇವಿ ಅದೇ ದನಿಯಲ್ಲಿ ಮುಂದುವರಿಸಿದರು: "ಊಟದ ಹೊತ್ತಿಗೆ ನಿಮ್ಮ ಆಫೀಸಿಗೆ ಬಂದಿದ್ದೆ. ನೀವು ಡಬ್ಬಿ ಬಿಚ್ಚಿದ್ರಿ, ಉಪ್ಪಿಟ್ಟು ಇತ್ತು. ನಾ ಹೇಳಾಕ ಶುರು ಮಾಡಿದ ಮ್ಯಾಲೆ ಮುಚ್ಚಳ ಹಾಕಿದ್ರಿ. 'ರಾಯರು ದೊಡ್ಡವರು, ನೀವು ತಪ್ಪು ತಿಳಕೊಂಡಿರಬೇಕು, ನಾಟಕ ಮುಗೀಲಿ ನೋಡೋಣ' ಅಂದ್ರಿ. ಸಮಿತಿಯೊಳಗ ನಿಮ್ಮ ಹೆಸರು ನೋಡಿ, ನೀವ ಮೊದಲು ಹೇಳ್ತೀರಿ ಅಂತ ಕಾಯ್ಕೊಂತ ಕುಂತಿದ್ದೆ."

ನನಗೆ ಒಂದಿಷ್ಟೂ ನೆನಪಿರಲಿಲ್ಲ. ನೆನಪಿದ್ದೂ ಮುಚ್ಚಿಟ್ಟಿದ್ದರೆ ದುಷ್ಟನೆಂಬ ಹೆಸರಾದರೂ ಸಿಗುತ್ತಿತ್ತು. ನಾಟಕದ ಮಾತುಗಳು ಇವತ್ತಿಗೂ ಬಾಯಿಪಾಠ ಇವೆ, ರಾಜನದೂ ಸೇವಕನದೂ. ಈ ಹುಡುಗಿಯ ನಾಲ್ಕು ಮಾತು ಮಾತ್ರ ಎಲ್ಲೂ ಇಲ್ಲ. "ನೆನಪಿಲ್ರಿ" ಎಂದೆ. ವಿಚಾರಣೆಯಲ್ಲಿ ಯಾರಾದರೂ ಹಾಗೆಂದರೆ ನಾನು ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದೆ.

ಅಲ್ಲಿಂದ ಮನೆಗೆ ಬಂದವನ ಮುಖ ನೋಡಿ ಸುಮಿತ್ರಾ ನೀರು ಕೊಟ್ಟಳು. ಗೋಪ್ಯವನ್ನೆಲ್ಲ ಬದಿಗಿಟ್ಟು ಹೇಳತೊಡಗಿದೆ. ರಾಯರ ಹೆಸರು, ನಾಟಕದ ಹೆಸರು ಹೇಳಿ ಇನ್ನೂ ವಿಷಯಕ್ಕೇ ಬಂದಿರಲಿಲ್ಲ.

"ಆ ಹುಡುಗಿ ಮಹಾದೇವಿ ಅಲ್ಲೇನ್ರೀ?" ಎಂದಳು.

"ನಿನಗ ಹೆಂಗ ಗೊತ್ತು?"

"ನೀವ ಹೇಳಿದ್ರಲ್ಲ. ಆಫೀಸಿನಿಂದ ಬಂದು ಚಹಾ ಕುಡ್ಕೊಂತ ಹೇಳಿದ್ರಿ. 'ನಾಟಕ ಮಾಡೋರಿಗೆ ಎಲ್ಲಾನೂ ನಾಟಕದಾಂಗ ಕಾಣತೈತಿ' ಅಂತಂದು ನಕ್ರಿ. ನಾ ನಗಲಿಲ್ಲ. ನನಗ ಜೋಕು ತಿಳೀಲಿಲ್ಲ ಅಂತ ಇನ್ನೊಮ್ಮೆ ಹೇಳಿದ್ರಿ."

"ಅಷ್ಟು ಹಳೇದು ನಿನಗ ಹೆಂಗ ನೆನಪುಳೀತು?"

"ಆವಾಗ ನಾ ಬಸುರಿ, ಏಳನೇ ತಿಂಗಳು. ಹೊಟ್ಟಿಯೊಳಗಿರೋದು ಹೆಣ್ಣಾದ್ರ, ಅದು ಬಂದು ಏನರ ಹೇಳಿದಾಗ ಈ ಮನಶ್ಯಾ ಹಿಂಗ ನಗತಾನೇನೋ ಅಂತ ಅವತ್ತು ರಾತ್ರಿ ಭಾಳ ಅತ್ತಿದ್ದೆ."

ನಮಗೆ ಹುಟ್ಟಿದ್ದು ಹೆಣ್ಣೇ. ಅವಳು ತನ್ನ ಕಷ್ಟಸುಖವನ್ನೆಲ್ಲ ತಾಯಿಗೇ ಹೇಳುತ್ತಿದ್ದಳು. ಅದು ತಾಯಿ ಮಗಳ ಸಹಜ ಸಲುಗೆ ಎಂದು ನಾನು ತಿಳಿದಿದ್ದೆ. ಏನಾದರೂ ಹೇಳಬೇಕೆಂದು, "ಆದ್ರ ನನಗ್ಯಾಕ ಒಂಚೂರೂ ನೆನಪಿಲ್ಲ?" ಎಂದೆ.

"ನಿಮಗೇನಾಗಿತ್ತು, ನೆನಪಿಡಾಕ?" ಎಂದಳು ಸುಮಿತ್ರಾ. ಸಿಟ್ಟಿನಿಂದಲ್ಲ. ಸಿಟ್ಟು ಮಾಡಿದ್ದರೆ ಎದುರು ಮಾತಾಡಬಹುದಿತ್ತು. ವಿಚಾರಣೆಯ ಏಕೈಕ ಸಾಕ್ಷಿ ಮೂರು ವಾರದಿಂದ ನನಗೆ ಚಹಾ ಮಾಡಿಕೊಡುತ್ತಿದ್ದಳು, ನಾನು ಅವಳಿಗೆ ಕಾಣದಂತೆ ಅಂಗೈ ಅಡ್ಡ ಹಿಡಿದಿದ್ದೆ.

ಮರುದಿನವೇ ಸಮಿತಿಯಿಂದ ಹೊರಗೆ ಬಂದೆ. ಸುಮಿತ್ರಾ ತನಗೆ ನೆನಪಿದ್ದದ್ದನ್ನು ಒಂದೂವರೆ ಪುಟದಲ್ಲಿ ಬರೆದು ಸಹಿ ಮಾಡಿದಳು. ನಾನೂ ಬರೆದೆ. ನನಗೆ ನೆನಪಿಲ್ಲ, ಆದರೆ ನನ್ನ ಹೆಂಡತಿಯ ನೆನಪನ್ನು ನಂಬದಿರಲು ಕಾರಣವಿಲ್ಲ, ಅಂದು ನಾನು ಮಾಡಿದ್ದು ತಪ್ಪು ಎಂದು. ಪಾಟೀಲರು ಎರಡನ್ನೂ ಓದಿ, "ಈಗ ನೀವು ಸಾಕ್ಷಿನೋ, ಆರೋಪಿನೋ?" ಎಂದರು. "ಎರಡೂ ಫೈಲಿನಾಗ ಇಡ್ರಿ" ಎಂದೆ.

ರಾಯರ ಮಾತನ್ನೂ ಕೇಳಲೇಬೇಕೆಂದು ಶಾಂತಕ್ಕ ಪಟ್ಟು ಹಿಡಿದರು. ರಾಯರು ಬಂದರು. ಅಲ್ಲಿ ನಡೆದದ್ದನ್ನು ಪಾಟೀಲರೇ ನನಗೆ ಹೇಳಿದ್ದು. ಅಂಥ ಹುಡುಗಿಯೇ ಗೊತ್ತಿಲ್ಲ ಎಂದರಂತೆ ಮೊದಲು. ನಾಟಕದ ಹಳೆಯ ಫೋಟೋ ತೋರಿಸಿದಾಗ, "ಓಹೋ, ಈಕೀನಾ? ಮಾತು ಬರ್ತಿರಲಿಲ್ಲ, ನಾನ ತಗದು ಹಾಕಿದ್ದೆ" ಎಂದರಂತೆ. ಪಾಟೀಲರು ಆ ನಾಟಕದಲ್ಲಿ ಈಟಿ ಹಿಡಿದು ನಿಲ್ಲುವ ಸೈನಿಕ. ಒಂದೂ ಮಾತಿಲ್ಲದ ಪಾತ್ರವಾದ್ದರಿಂದ ಬೇರೆಯವರ ಮಾತನ್ನೆಲ್ಲ ಕೇಳಿಸಿಕೊಳ್ಳಲು ಅವರಿಗೆ ಪುರಸೊತ್ತಿತ್ತು. "ಸರ್, ಆಕಿಗೆ ಲಗ್ನ ಗಟ್ಟಿ ಆತು, ಅದಕ್ಕ ಬಿಟ್ಟಾಳ ಅಂತ ಆವಾಗ ನಮಗೆಲ್ಲಾ ನೀವ ಹೇಳಿದ್ರಿ" ಎಂದರು. ರಾಯರು ಗಡಿಯಾರ ನೋಡಿಕೊಂಡು, "ಪಾಟೀಲ, ನೀನೂನಾ?" ಎಂದು ಎದ್ದು ಹೋದರಂತೆ. "ಅಷ್ಟು ದೊಡ್ಡ ಕಂಠ ರೀ ಅವರದು. ಆದ್ರ ಅವತ್ತು ಪಕ್ಕದಾಗ ಕುಂತ ನನಗ ಸರಿಯಾಗಿ ಕೇಳಿಸಲಿಲ್ಲ" ಎಂದು ಹೇಳುವಾಗ ಪಾಟೀಲರ ಕಣ್ಣು ತುಂಬಿತ್ತು. ಅವರು ಕಳಕೊಂಡದ್ದು ಸಣ್ಣದಲ್ಲ.

ತೀರ್ಮಾನವನ್ನು ಶಾಂತಕ್ಕ ಸಂಘದ ಸಭೆಯಲ್ಲಿ ಓದಿದರು. ಪಿಸುಮಾತು ಎದ್ದಿತು. ಒಬ್ಬರು ಎದ್ದುನಿಂತು, "ಅವರ ನಲವತ್ತು ವರ್ಷದ ಸೇವಾ ನೀರಾಗ ಹೋಮ ಆತೇನ್ರಿ?" ಎಂದರು. ಶಾಂತಕ್ಕ ಕಾಗದ ಕೆಳಗಿಟ್ಟರು. "ನಾವು ಕೋರ್ಟು ಅಲ್ರಿ, ಶಿಕ್ಷಾ ಕೊಡಾಕ. ಅವರು ಆಡಿಸಿದ ನಾಟಕ ಛಲೋ ಇದ್ವು, ಅದನ್ನ ಯಾರೂ ಅಳಸಾಂಗಿಲ್ಲ. ನಮ್ಮ ಕೈಯಾಗಿರೋದು ಒಂದು ಶಾಲು. ಕೇಳಿದ್ದನ್ನೆಲ್ಲಾ ತೂಗಿ ನೋಡಿದ್ರ ಆಕಿ ಮಾತು ಖರೇ ಅನಿಸೈತಿ. ಅದಕ್ಕ ಈ ಶಾಲು ಹೊದಸಾಂಗಿಲ್ಲ." ಹಿಂದಿನ ಸಾಲಿನಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಇನ್ನೊಬ್ಬರು. ಎಲ್ಲರೂ ತಟ್ಟಲಿಲ್ಲ. ಎದ್ದು ಹೋದವರೂ ಇದ್ದರು. ಆದರೂ ಮಹಾದೇವಿಗೆ 'ನಿಮ್ಮ ಮಾತು ಕೇಳಿದ್ದೇವೆ, ನಂಬಿದ್ದೇವೆ' ಎಂಬ ಪತ್ರ ಸಂಘದ ಮುದ್ರೆಯೊಂದಿಗೆ ಹೋಯಿತು. ಮುದ್ರೆ ಒತ್ತಿದವರು ಪಾಟೀಲರು.

ನನ್ನ ಪಾಲಿನದು ಬಾಕಿ ಇತ್ತು. ನಾಲ್ಕು ಪುಟದ ಕ್ಷಮಾಪಣೆ ಬರೆದು ಜೇಬಿನಲ್ಲಿಟ್ಟುಕೊಂಡು ಜೀಡಿಮೆಟ್ಲಾಕ್ಕೆ ಹೋದೆ. ಕಾರ್ಖಾನೆಯ ಗೇಟಿನ ಎದುರಿನ ಚಹಾದಂಗಡಿಗೆ ಮಹಾದೇವಿ ಬಂದರು, ಬಿಳಿ ಕೋಟಿನಲ್ಲೇ. "ಹದಿನೈದು ನಿಮಿಷ ಅದಾವ್ರಿ" ಎಂದರು. ಕಾಗದ ತೆಗೆದೆ, ಗಾಳಿಗೆ ಹಾಳೆಗಳು ಪಟಪಟ ಎಂದವು, ಕನ್ನಡಕ ಮನೆಯಲ್ಲೇ ಉಳಿದಿತ್ತು. ಕಡೆಗೆ, "ತಪ್ಪಾತ್ರಿ" ಎಂದೆ.

"ನಾಲ್ಕು ಪುಟ ಇದ್ದಾಂಗ ಐತಲ್ರಿ?"

"ಉಳಿದದ್ದೆಲ್ಲಾ ಅಲಂಕಾರ."

ಅವರು ನಕ್ಕರು. ಆಮೇಲೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದರು: "ಇಷ್ಟು ವರ್ಷ ನನಗೊಂದು ಸಂಶೆ ಇತ್ರಿ. ಅವತ್ತು ನಿಮಗ ನಾ ಸರಿಯಾಗಿ ಹೇಳಲಿಲ್ಲೇನೋ, ಅದಕ್ಕ ನಿಮಗ ತಿಳೀಲಿಲ್ಲೇನೋ ಅಂತ. ನಿಮ್ಮ ಮನಿಯವರು ಬರದದ್ದನ್ನ ಶಾಂತಕ್ಕ ತೋರಿಸಿದ್ರು, ಓದಿದೆ. ನನ್ನ ನೋಡಿಲ್ಲ, ನನ್ನ ಜೋಡಿ ಮಾತಾಡಿಲ್ಲ, ಆದ್ರೂ ಅವರಿಗೆ ತಿಳದಿತ್ತು. ಅಂದ್ರ ನಾ ಸರಿಯಾಗೇ ಹೇಳಿದ್ದೆ." ಹೊರಡುವ ಮೊದಲು, ಸಂಘದ ಹುಡುಗಿಯರು ಹೊಸ ನಾಟಕ ಆಡುತ್ತಾರಂತೆ, ತಾಲೀಮು ನೋಡಲು ಬರಬಹುದೇ ಎಂದು ಕೇಳಿದರು. ಬಂದರು ಕೂಡ. ಈಗ ಪ್ರತಿ ಭಾನುವಾರ ಬರುತ್ತಾರೆ. ಮೊದಲ ವಾರ ಕೊನೆಯ ಸಾಲಿನಲ್ಲಿ ಕೂತಿದ್ದವರು ಎರಡನೆಯ ವಾರಕ್ಕೆ ಮೊದಲ ಸಾಲಿಗೆ ಬಂದು, "ಅಲ್ಲಿ ನಿಂತು ಹೇಳಿದ್ರ ಕೇಳೂದಿಲ್ಲವ್ವಾ, ಮುಂದ ಬಾ" ಎಂದು ನಾಯಕಿಯನ್ನು ಗದರಿಸುತ್ತಿದ್ದರು.

ಆ ದಿನ ಜೀಡಿಮೆಟ್ಲಾದಿಂದ ಬಂದವನು ಅಡಿಗೆಮನೆಯಲ್ಲಿ ಕೂತು ಸುಮಿತ್ರಾಗೆ ಎಲ್ಲವನ್ನೂ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ಒಂದು ಮಾತು ಹೇಳಬೇಕಾಗೇತ್ರೀ. ನಾ ಸಾಲಿ ಟೀಚರ್ ಆದ ಮೊದಲ ವರ್ಷದ್ದು" ಎಂದಳು. ಅವಳು ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ, ಅದು ಅವಳದು. ಯಾವ ಊರು, ಯಾವ ತಿಂಗಳು, ಎದುರಿಗೆ ಯಾರಿದ್ದರು ಎಂಬ ಹದಿನಾಲ್ಕು ಪ್ರಶ್ನೆಗಳು ನನ್ನ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ನಾನು ಒಂದನ್ನೂ ಕೇಳಲಿಲ್ಲ. ಹೇಳಿ ಮುಗಿಸಿ ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಮೂವತ್ತಮೂರು ವರ್ಷದಾಗ ಮೊದಲ ಸಲ ನಡುವ ಬಾಯಿ ಹಾಕಲಿಲ್ಲ ನೀವು. ಆರಾಮ ಅದೀರಿಲ್ಲೋ?" ಎಂದು ಹಿಟ್ಟಿನ ಕೈಯಿಂದಲೇ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.